ಜೇನು ಪಾಲಾದ ಮೇಲೆ ಪೆಟ್ಟಿಗೆಯೊಳಗೆ

ಜೇನು ಪಾಲಾದ ದಿನ, ಎಂದರೆ ಪೆಟ್ಟಿಗೆಯ ಕುಟುಂಬ ಎರಡಾಗಿ ಒಂದು ಹಿಂಡು ಹಾರಿಹೋದ ದಿನ, ಮನೆಮಂದಿಯೆಲ್ಲ ಮರದ ಕಡೆಗೆ ಓಡುತ್ತಾರೆ. ಕೊಂಬೆಗೆ ಜೋತುಬಿದ್ದ ಹಿಂಡನ್ನು ಹಿಡಿಯಬೇಕು, ಹೊಸ ಪೆಟ್ಟಿಗೆಗೆ ಇಳಿಸಬೇಕು, ಅದು ಮತ್ತೆ ಹಾರಿಹೋಗದಂತೆ ನೋಡಿಕೊಳ್ಳಬೇಕು. ಆ ಗಡಿಬಿಡಿಯಲ್ಲಿ ಹಳೆಯ ಪೆಟ್ಟಿಗೆ ಯಾರಿಗೂ ನೆನಪಾಗುವುದಿಲ್ಲ. ಸಂಜೆ ನೋಡಿದರೆ ಅದರ ಬಾಗಿಲಲ್ಲಿ ಎಣಿಸುವಷ್ಟು ನೊಣಗಳು ಓಡಾಡುತ್ತಿರುತ್ತವೆ. ಜೇನು ಹೋಯಿತು ಎಂದು ಕೈಬಿಟ್ಟವರಿದ್ದಾರೆ. ಉಳಿದ ಎರಿ ಹಿಂಡಿ, ಪೆಟ್ಟಿಗೆ ತೊಳೆದು ಅಟ್ಟಕ್ಕೆ ಹಾಕಿದವರೂ ಇದ್ದಾರೆ. ಹೊಸದಾಗಿ ಜೇನು ಸಾಕಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ: ಹಾರಿಹೋದ ಹಿಂಡಿಗಿಂತ ಉಳಿದ ಮನೆಯನ್ನು ಹೆಚ್ಚು ಗಮನಿಸಿ. ಅಲ್ಲಿ ಜೇನು ಮುಗಿದಿಲ್ಲ. ಮುಂದಿನ ಐದಾರು ವಾರ ಆ ಕುಟುಂಬದ ಬದುಕಿನಲ್ಲೇ ಅತ್ಯಂತ ಸೂಕ್ಷ್ಮವಾದ ಕಾಲ, ಅಷ್ಟೆ.

ನಮ್ಮ ಕಡೆಯವರು ಜೇನು ಪೂರ್ತಿ ಹೋಯಿತು ಎಂದುಕೊಳ್ಳುವುದಕ್ಕೆ ಕಾರಣವಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಜನ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಮಗ್ಗುಲಲ್ಲೇ ಬದುಕುವವರು. ನಮಗೆ ಜೇನೆಂದರೆ ಮೊದಲು ಕಣ್ಣಿಗೆ ಬರುವುದು ಹೆಜ್ಜೇನು. ಬಂಡೆಯ ಚಾಚಿಗೆ, ಎತ್ತರದ ಮರದ ಕೊಂಬೆಗೆ, ಊರ ನೀರಿನ ಟ್ಯಾಂಕಿಗೆ ಒಂದೇ ಒಂದು ದೊಡ್ಡ ಎರಿ ಕಟ್ಟುವ ಜಾತಿ ಅದು. ಈ ಬೆಟ್ಟಗಳ ಬುಡಕಟ್ಟಿನವರಾದ ಸೋಲಿಗರು ತಲೆಮಾರುಗಳಿಂದ ಇಳಿಸುತ್ತಾ ಬಂದಿರುವುದು, ಬೆಟ್ಟದ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ತಂದುಕೊಡುವುದು ಹೆಚ್ಚಾಗಿ ಇದರ ತುಪ್ಪವನ್ನೇ. ಹೆಜ್ಜೇನು ಹೂವಿನ ಕಾಲಕ್ಕೆ ಬರುತ್ತದೆ, ಹೂವು ಮುಗಿದಾಗ ಇಡೀ ಸಂಸಾರ ಎದ್ದು ಬೇರೆ ಕಡೆ ಹೋಗುತ್ತದೆ. ಹಿಂದೆ ಉಳಿಯುವುದು ಬರಿದಾದ ಎರಿ. ಅದನ್ನು ನೋಡಿ ಬೆಳೆದ ಕಣ್ಣಿಗೆ ಪೆಟ್ಟಿಗೆಯ ಜೇನು ಎದ್ದಾಗಲೂ ಹಾಗೆಯೇ ಕಾಣುತ್ತದೆ.

ಆದರೆ ಪೆಟ್ಟಿಗೆಯಲ್ಲಿ ನಾವು ಸಾಕುವುದು ತುಡುವೆಯನ್ನು. ಸೋಲಿಗರು ಹೆಜ್ಜೇನು, ತುಡುವೆ, ಕಡ್ಡಿಜೇನು, ನೇಸರಿ ಜೇನು ಎಂದು ನಾಲ್ಕನ್ನೂ ಬೇರೆಬೇರೆಯಾಗಿ ಬಲ್ಲರು. ಒಂದೊಂದರ ಗೂಡು, ನಡವಳಿಕೆ, ತುಪ್ಪದ ರುಚಿ ಅವರಿಗೆ ಬಾಯಿಪಾಠ. ಇವುಗಳಲ್ಲಿ ತುಡುವೆ ಮರದ ಪೊಟರೆ, ಹುತ್ತ, ಕಲ್ಲಿನ ಸಂದಿಯಂಥ ಕತ್ತಲ ಜಾಗ ಹುಡುಕಿ ಒಂದರ ಪಕ್ಕ ಒಂದರಂತೆ ಹಲವು ಎರಿ ಕಟ್ಟುತ್ತದೆ. ಈ ಸ್ವಭಾವದಿಂದಲೇ ಅದು ಪೆಟ್ಟಿಗೆಗೆ ಒಗ್ಗಿತು. ನಮ್ಮ ಕಡೆ ಬಹುಕಾಲ ಬಳಕೆಯಲ್ಲಿರುವ ಸಣ್ಣ ಪೆಟ್ಟಿಗೆಯನ್ನು ತುಡುವೆಯ ಗಾತ್ರಕ್ಕೆ ತಕ್ಕಂತೆ ರೂಪಿಸಿದವರು ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಅವರು ಅದನ್ನು ಬಳಸುವ ತರಬೇತಿಯನ್ನೂ ಕೊಟ್ಟರು. ಆಗ ಕೊಳ್ಳೇಗಾಲವೂ ತಿರುಚಿರಾಪಳ್ಳಿಯಿದ್ದ ಅದೇ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ.

ತುಡುವೆ ಪಾಲಾಗುವುದು ಕಷ್ಟ ಬಂದಾಗ ಅಲ್ಲ, ಸುಭಿಕ್ಷ ಬಂದಾಗ. ಪರಾಗ, ಮಕರಂದ ಧಾರಾಳವಾಗಿ ಬರುತ್ತಿದೆ, ಮರಿ ಬೆಳೆಸುವ ಸಂಸಾರ ಕೋಣೆಯಲ್ಲಿ ಮೊಟ್ಟೆ ಇಡಲು ಜಾಗ ಸಾಲುತ್ತಿಲ್ಲ, ನೊಣಗಳು ಒಂದರ ಮೇಲೊಂದು ಕಿಕ್ಕಿರಿದಿವೆ ಎಂದಾಗ ಕುಟುಂಬ ಎರಡಾಗಲು ಅಣಿಯಾಗುತ್ತದೆ. ಇದಕ್ಕೂ ಹಸಿವು, ಇರುವೆ, ರೋಗ ತಾಳಲಾರದೆ ಇಡೀ ಜೇನು ಗೂಡು ಬಿಟ್ಟು ಹೋಗುವುದಕ್ಕೂ ಭೇದವಿದೆ. ಮುಚ್ಚಳ ತೆಗೆದು ನೋಡಿದರೆ ಯಾವುದೆಂದು ತಕ್ಷಣ ಗೊತ್ತಾಗುತ್ತದೆ. ಗೂಡು ಬಿಟ್ಟು ಹೋಗಿದ್ದರೆ ಎರಿಗಳು ಬರಿದು. ಪಾಲಾಗಿದ್ದರೆ ಎರಿಗಳ ಮೇಲೆ ನೊಣಗಳಿವೆ, ಮುಚ್ಚಿದ ಮರಿಕಣಗಳಿವೆ, ತುಪ್ಪವಿದೆ. ಎಲ್ಲಕ್ಕಿಂತ ಮುಖ್ಯವಾಗಿ ಎರಿಯ ಕೆಳ ಅಂಚಿನಲ್ಲಿ ಕೆಳಮುಖವಾಗಿ ಇಳಿಬಿದ್ದ ಉದ್ದನೆಯ ರಾಣಿಕೋಶಗಳಿವೆ.

ಕಣ್ಣು ಪಳಗಿದವರಿಗೆ ಮುನ್ಸೂಚನೆ ಇನ್ನೂ ಮೊದಲೇ ಸಿಗುತ್ತದೆ. ತುಡುವೆಯ ಗಂಡುನೊಣದ ಕಣಕ್ಕೆ ವಿಚಿತ್ರವಾದ ಮುಚ್ಚಳವಿರುತ್ತದೆ: ಗಟ್ಟಿ, ನಡುವೆ ಒಂದು ಸೂಜಿಮೊನೆಯಷ್ಟು ತೂತು. ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ ಈ ತೂತು ಇರುವುದಿಲ್ಲ. ಗಂಡುಗಳು ಹುಟ್ಟಿ ಹೊರಬಂದಂತೆ ಆ ಮುಚ್ಚಳಗಳು ಕಳಚಿ ಪೆಟ್ಟಿಗೆಯ ಅಡಿಮಣೆಯ ಮೇಲೆ ಉದುರುತ್ತವೆ. ಅಡಿಮಣೆ ಗುಡಿಸುವಾಗ ಅವು ಕೈಗೆ ಸಿಕ್ಕರೆ ಪಾಲಿನ ಕಾಲ ಹತ್ತಿರ ಬಂತೆಂದು ತಿಳಿಯಿರಿ. ಕುಟುಂಬ ಮೊದಲು ಗಂಡುಗಳನ್ನು ಬೆಳೆಸಿಕೊಂಡು ಆಮೇಲೆ ರಾಣಿಯರನ್ನು ಬೆಳೆಸುತ್ತದೆ. ಮುಂದೆ ಹುಟ್ಟುವ ಕನ್ಯಾರಾಣಿಯರಿಗೆ ಆ ಹೊತ್ತಿಗೆ ಪ್ರಾಯಕ್ಕೆ ಬಂದ ಗಂಡುಗಳು ಬೇಕಲ್ಲ.

ಈಗ ಹೊರಟುಹೋಗುವವರು ಯಾರು, ಉಳಿಯುವವರು ಯಾರು ಎಂಬುದು. ಹೊರಡುವವಳು ಹಳೆಯ ರಾಣಿ. ಹೊಸಬರು ಇದನ್ನು ನಂಬಲು ಹಿಂಜರಿಯುತ್ತಾರೆ, ಮಗಳೇ ಬೇರೆ ಮನೆ ಮಾಡುತ್ತಾಳೆ ಎಂದುಕೊಂಡಿರುತ್ತಾರೆ. ಮೊದಲ ಪಾಲಿನಲ್ಲಿ ಹಾಗಲ್ಲ. ಕಟ್ಟಿದ ಎರಿ, ಕೂಡಿಟ್ಟ ತುಪ್ಪ, ಬೆಳೆಯುತ್ತಿರುವ ಮರಿಗಳು ಎಲ್ಲವನ್ನೂ ಹುಟ್ಟಲಿರುವ ಮಗಳಿಗೆ ಬಿಟ್ಟು ತಾಯಿ ಹೊರಡುತ್ತಾಳೆ. ಹೊರಡುವ ಕೆಲವು ದಿನ ಮೊದಲೇ ಅವಳಿಗೆ ಸಿಗುವ ಆಹಾರ ಕಡಿಮೆಯಾಗಿ, ಮೊಟ್ಟೆ ಇಡುವುದು ಇಳಿದು, ಹಾರುವಷ್ಟು ಹಗುರಾಗಿರುತ್ತಾಳೆ. ಅವಳ ಜೊತೆ ಕೆಲಸಗಾರ ನೊಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಟ್ಟೆ ತುಂಬ ತುಪ್ಪ ಹೀರಿಕೊಂಡು ಏಳುತ್ತದೆ. ಸಾಮಾನ್ಯವಾಗಿ ಮೊದಲ ರಾಣಿಕೋಶಕ್ಕೆ ಮೇಣದ ಮುಚ್ಚಳ ಬಿದ್ದ ಹೊತ್ತಿಗೆ, ಬಿಸಿಲಿರುವ ಒಂದು ಬೆಳಗಿನಲ್ಲಿ ಇದು ನಡೆಯುತ್ತದೆ. ಮಳೆ ಮೋಡ ಕವಿದರೆ ಒಂದೆರಡು ದಿನ ಮುಂದಕ್ಕೆ ಹೋಗುವುದೂ ಉಂಟು.

ಉಳಿಯುವವು ಇನ್ನೂ ಹಾರಲು ಬಾರದ ಎಳೆಯ ನೊಣಗಳು, ಮರಿಗಳಿಗೆ ಉಣಿಸುತ್ತಿರುವ ದಾದಿ ನೊಣಗಳಲ್ಲಿ ಒಂದಷ್ಟು, ಆ ಹೊತ್ತಿಗೆ ಮೇವಿಗೆ ಹೋಗಿ ಮರಳಿ ಬಂದವು, ಕೆಲವು ಗಂಡುಗಳು. ಇವುಗಳ ಜೊತೆಗೆ ಎರಿಯ ಕಣಗಳೊಳಗೆ ಕುಟುಂಬದ ದೊಡ್ಡ ಆಸ್ತಿ ಮುಚ್ಚಿಕೊಂಡಿದೆ: ಮುಂದಿನ ದಿನಗಳಲ್ಲಿ ಹುಟ್ಟಲಿರುವ ಸಾವಿರಾರು ನೊಣ. ಬಾಗಿಲಲ್ಲಿ ಕಾಣುವ ಸದ್ದಡಗಿದ ಓಡಾಟ ನೋಡಿ ಒಳಗಿನ ಬಲ ಅಳೆಯಬೇಡಿ ಎಂದು ಹೇಳುವುದು ಅದಕ್ಕೇ.

ದಿನಗಳ ಲೆಕ್ಕ ಕೈಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ರೇಷ್ಮೆಹುಳು ಸಾಕಿದ ಮನೆಯವರಿಗೆ ಇದು ಹೊಸ ವಿದ್ಯೆಯಲ್ಲ. ಮೊಟ್ಟೆ, ಹುಳು, ಗೂಡೊಳಗಿನ ಕೋಶ, ಚಿಟ್ಟೆ ಎಂಬ ದಾರಿಯನ್ನೇ ಜೇನೂ ನಡೆಯುತ್ತದೆ, ಚಂದ್ರಿಕೆಯ ಬದಲು ಮೇಣದ ಕಣ. ತುಡುವೆಯಲ್ಲಿ ಮೊಟ್ಟೆಯಿಂದ ಹೊರಬರುವವರೆಗೆ ಕೆಲಸಗಾರ ನೊಣಕ್ಕೆ ಸುಮಾರು 18ರಿಂದ 20 ದಿನ, ಗಂಡಿಗೆ ಸುಮಾರು 24 ದಿನ, ರಾಣಿಗೆ ಸುಮಾರು 15ರಿಂದ 16 ದಿನ. ಮೂರೂ ಮೊದಲ ಮೂರು ದಿನ ಮೊಟ್ಟೆಯೇ. ರಾಣಿಯ ಮೊಟ್ಟೆಗೂ ಕೆಲಸಗಾರ ನೊಣದ ಮೊಟ್ಟೆಗೂ ಭೇದವೇ ಇಲ್ಲ. ಹುಳುವಾದ ಮೇಲೆ ಹಾಕುವ ಆಹಾರ, ಕೊಡುವ ಜಾಗ ಇವೇ ಭೇದ ಮಾಡುವುದು. ರಾಣಿಯಾಗುವ ಹುಳುವಿಗೆ ದಾದಿಯರು ತಮ್ಮ ತಲೆಯ ಗ್ರಂಥಿಯಿಂದ ಸುರಿಸುವ ರಾಜಶಾಹಿ ರಸವನ್ನು ಕಡೆಯವರೆಗೂ ಧಾರಾಳವಾಗಿ ಉಣಿಸುತ್ತಾರೆ. ಐದು ದಿನದಲ್ಲಿ ಅದು ಬೆಳೆದು ಕೋಶ ಮುಚ್ಚಿಸಿಕೊಳ್ಳುತ್ತದೆ, ಇನ್ನೊಂದು ಏಳೆಂಟು ದಿನದಲ್ಲಿ ಹೊರಬರುತ್ತದೆ.

ಕಲಿಯಲು ಒಂದು ತಾರೀಕು ಇಟ್ಟುಕೊಳ್ಳೋಣ. ಫೆಬ್ರವರಿ 1ಕ್ಕೆ ಜೇನು ಪಾಲಾಯಿತು ಎನ್ನಿ.

ಮೊದಲ ವಾರ ಪೆಟ್ಟಿಗೆಯಲ್ಲಿ ಮೊಟ್ಟೆ ಇಡುವವರು ಯಾರೂ ಇಲ್ಲ. ಹಳೆಯ ರಾಣಿ ಕೊನೆಗೆ ಇಟ್ಟ ಮೊಟ್ಟೆಗಳು ಹುಳುವಾಗುತ್ತಿವೆ, ಹುಳುಗಳಿಗೆ ಉಣಿಸುವ ಕೆಲಸ ನಡೆಯುತ್ತಿದೆ. ದಿನವೂ ಮುಚ್ಚಿದ ಕಣಗಳನ್ನು ಕೊರೆದುಕೊಂಡು ಬೂದು ರೋಮದ ಎಳೆಯ ನೊಣಗಳು ಹೊರಬರುತ್ತವೆ. ಹೀಗಾಗಿ ಪಾಲಾದ ದಿನ ತೆಳ್ಳಗೆ ಕಂಡ ಎರಿ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಖಾಲಿಯಾದ ಕಣಗಳಿಗೆ ಹೊಸ ಮೊಟ್ಟೆ ಬೀಳುವುದಿಲ್ಲ. ಹೂವು ಇದ್ದರೆ ನೊಣಗಳು ಆ ಕಣಗಳಿಗೆ ಮಕರಂದ ತುಂಬತೊಡಗುತ್ತವೆ. ಸಂಸಾರ ಕೋಣೆಯ ನಡುಮಧ್ಯೆ ತುಪ್ಪ ಕಂಡು ಹೊಸಬರು ಹಿಗ್ಗಿ ಅದನ್ನು ಕೊಯ್ದುಬಿಡುತ್ತಾರೆ. ದಯವಿಟ್ಟು ಕೈ ಹಾಕಬೇಡಿ. ಮುಂದಿನ ತಿಂಗಳು ಕುಟುಂಬ ಉಣ್ಣುವುದು ಅದನ್ನೇ.

ಫೆಬ್ರವರಿ 8ರ ಹೊತ್ತಿಗೆ ಮೊದಲ ಕನ್ಯಾರಾಣಿ ಹುಟ್ಟುತ್ತಾಳೆ. ಹುಟ್ಟುವ ಒಂದೆರಡು ದಿನ ಮೊದಲು ಕೆಲಸಗಾರ ನೊಣಗಳು ಕೋಶದ ತುದಿಯ ಮೇಣವನ್ನು ಕೆರೆದು ತೆಗೆಯುತ್ತವೆ. ಒಳಗಿನ ಕಂದು ಬಣ್ಣದ ಗೂಡು ಬೋಳಾಗಿ ಕಂಡರೆ ರಾಣಿ ಬಲಿತಿದ್ದಾಳೆ ಎಂದರ್ಥ. ಅವಳು ಒಳಗಿನಿಂದ ತುದಿಯನ್ನು ದುಂಡಗೆ ಕೊರೆದು ಹೊರಬರುತ್ತಾಳೆ. ಮುಚ್ಚಳ ಒಂದು ಬದಿಗೆ ಅಂಟಿಕೊಂಡೇ ನೇತಾಡುತ್ತದೆ.

ಇಲ್ಲಿಂದ ಕುಟುಂಬದ ಮುಂದೆ ಎರಡು ದಾರಿ. ನೊಣಗಳ ಸಂಖ್ಯೆ ಕಡಿಮೆ ಇದ್ದರೆ ಅವು ಒಬ್ಬಳೇ ಸಾಕೆಂದು ಸುಮ್ಮನಾಗುತ್ತವೆ. ಆಗ ಮೊದಲು ಹುಟ್ಟಿದವಳು ಉಳಿದ ಕೋಶಗಳನ್ನು ಹುಡುಕಿ ಹೋಗುತ್ತಾಳೆ, ಪಕ್ಕದಲ್ಲಿ ತೂತು ಮಾಡಿ ಒಳಗಿನ ತಂಗಿಯನ್ನು ಕುಟುಕಿ ಕೊಲ್ಲುತ್ತಾಳೆ. ಇಬ್ಬರು ಒಟ್ಟಿಗೆ ಹೊರಬಿದ್ದಿದ್ದರೆ ಎದುರಾಬದುರು ಕಾದಾಡಿ ಒಬ್ಬಳು ಉಳಿಯುತ್ತಾಳೆ. ರಾಣಿಯ ಮುಳ್ಳು ಇರುವುದು ಇದಕ್ಕೇ, ನಮ್ಮನ್ನು ಕುಟುಕಲು ಅಲ್ಲ. ಕ್ರೂರ ಎನ್ನಿಸಬಹುದು. ಆದರೆ ಇಬ್ಬರು ರಾಣಿಯರಿಗೆ ಹಂಚಿ ದುರ್ಬಲವಾದ ಕುಟುಂಬ ಮುಂದಿನ ಮಳೆಗಾಲ ದಾಟುವುದಿಲ್ಲ.

ಈ ಸಂಗತಿಯನ್ನು ನೀವು ಎರಿಯ ಮೇಲೆಯೇ ಓದಬಹುದು. ರಾಣಿಕೋಶದ ತುದಿ ದುಂಡಗೆ ತೆರೆದಿದ್ದರೆ ಅಲ್ಲಿಂದ ರಾಣಿ ಸುಖವಾಗಿ ಹುಟ್ಟಿದ್ದಾಳೆ. ಕೋಶದ ಪಕ್ಕೆ ಹರಿದಿದ್ದರೆ ಒಳಗಿದ್ದವಳು ಸತ್ತಿದ್ದಾಳೆ. ಒಂದು ಕೋಶ ತುದಿ ತೆರೆದು, ಉಳಿದವು ಪಕ್ಕೆ ಹರಿದಿದ್ದರೆ ತಕರಾರು ಮುಗಿದು ಮನೆಗೊಬ್ಬಳು ರಾಣಿ ನಿಂತಿದ್ದಾಳೆ. ರಾಣಿಯನ್ನು ಕಣ್ಣಾರೆ ಹುಡುಕುವ ಅಗತ್ಯವೇ ಇಲ್ಲ, ಹುಡುಕಬೇಡಿ ಕೂಡ. ಕನ್ಯಾರಾಣಿ ಸಣ್ಣಗಿರುತ್ತಾಳೆ, ಚುರುಕಾಗಿ ಓಡುತ್ತಾಳೆ, ಗಾಬರಿಯಾದರೆ ಹಾರಿಬಿಡುತ್ತಾಳೆ.

ಎರಡನೆಯ ದಾರಿ ಅಪಾಯದ್ದು. ಕುಟುಂಬದಲ್ಲಿ ಇನ್ನೂ ನೊಣ ಹೆಚ್ಚಿದ್ದರೆ ಅವು ಮಿಕ್ಕ ರಾಣಿಕೋಶಗಳನ್ನು ಸುತ್ತುವರಿದು ಕಾಯುತ್ತವೆ, ಹೊರಗಿರುವ ಕನ್ಯಾರಾಣಿಯನ್ನು ಹತ್ತಿರ ಬಿಡುವುದಿಲ್ಲ. ಆಗ ಅವಳು ಎರಿಗೆ ಎದೆಯೊತ್ತಿ, ರೆಕ್ಕೆ ಬಿಚ್ಚದೆ ಹಾರುವ ಸ್ನಾಯುಗಳನ್ನಷ್ಟೇ ಕಂಪಿಸಿ ಎಳೆದೆಳೆದು ಕೂಗುತ್ತಾಳೆ. ಮೆಲ್ಲಿಫೆರಾ ಜೇನಿನಲ್ಲಿ ಕೋಶದೊಳಗಿನ ರಾಣಿಯರು ಅದಕ್ಕೆ ಬೇರೆ ಸ್ವರದಲ್ಲಿ ಉತ್ತರ ಕೊಡುವುದನ್ನೂ ಸಾಕಣೆಗಾರರು ಶತಮಾನಗಳಿಂದ ಕೇಳಿದ್ದಾರೆ. ಇಂಗ್ಲೆಂಡಿನ ಚಾರ್ಲ್ಸ್ ಬಟ್ಲರ್ ಎಂಬ ಪಾದ್ರಿ 1609ರಲ್ಲಿ ಜೇನಿನ ಬಗ್ಗೆ ಪುಸ್ತಕ ಬರೆದು, 1623ರ ಆವೃತ್ತಿಯಲ್ಲಿ ಈ ಕೂಗನ್ನು ಹಾಡುವಂತೆ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದ. ನಮ್ಮ ತುಡುವೆ ಜಾತಿಯ ರಾಣಿಯೂ ಕೂಗುತ್ತಾಳೆಂದು ಸಂಶೋಧಕರು ದಾಖಲಿಸಿದ್ದಾರೆ. ಊರು ಮಲಗಿದ ಮೇಲೆ ಪೆಟ್ಟಿಗೆಯ ಗೋಡೆಗೆ ಕಿವಿಯಿಟ್ಟು ಕೇಳಿನೋಡಿ. ಆ ಸದ್ದು ಕೇಳಿತೆಂದರೆ ಇನ್ನೊಂದು ಹಿಂಡು ಏಳಲಿದೆ.

ಎರಡನೆಯ ಪಾಲು ಕನ್ಯಾರಾಣಿಯ ಜೊತೆ ಹೋಗುತ್ತದೆ, ಮೂರನೆಯದೂ ಹಾಗೆಯೇ. ಒಂದೊಂದೂ ಹಿಂದಿನದಕ್ಕಿಂತ ಸಣ್ಣದು. ಅವು ಹೊರಗೆ ಬದುಕುವುದು ಕಷ್ಟ, ಒಳಗೆ ಉಳಿದವೂ ಬಡವಾಗುತ್ತವೆ. ಹೊಸಬರು ಕುಟುಂಬ ಕಳೆದುಕೊಳ್ಳುವುದು ಮೊದಲ ಪಾಲಿನಿಂದಲ್ಲ, ಅದರ ಬೆನ್ನಿಗೆ ಬರುವ ಈ ಪಾಲುಗಳಿಂದ. ಆದ್ದರಿಂದ ಸಾಕಣೆಗಾರ ಕೈ ಹಾಕಬೇಕಾದ ಒಂದು ಹೊತ್ತು ಇಲ್ಲಿದೆ. ಜೇನು ಪಾಲಾದ ದಿನವೋ ಮರುದಿನವೋ ಎರಿಗಳನ್ನು ಒಂದೊಂದಾಗಿ ಎತ್ತಿ ನೋಡಿ. ನೇರವಾದ, ದಪ್ಪನೆಯ, ಸರಿಯಾಗಿ ಮುಚ್ಚಿದ ಒಂದು ರಾಣಿಕೋಶ ಆರಿಸಿಕೊಳ್ಳಿ. ಧೈರ್ಯ ಸಾಲದಿದ್ದರೆ ಎರಡು ಇರಲಿ. ಮಿಕ್ಕವನ್ನು ಚೂಪಾದ ಚಾಕುವಿನಿಂದ ತೆಗೆದುಬಿಡಿ. ಉಳಿಸಿದ ಕೋಶವಿರುವ ಚೌಕಟ್ಟನ್ನು ಒದರಬೇಡಿ, ತಲೆಕೆಳಗು ಮಾಡಬೇಡಿ. ಒಳಗಿನ ಎಳೆಯ ರಾಣಿಯ ರೆಕ್ಕೆ ಕೆಡುತ್ತದೆ. ಪಕ್ಕದಲ್ಲಿ ಇನ್ನೊಂದು ಬಡ ಕುಟುಂಬವಿದ್ದು ಅದಕ್ಕೆ ರಾಣಿ ಬೇಕಿದ್ದರೆ ಕತ್ತರಿಸಿದ ಒಳ್ಳೆಯ ಕೋಶವನ್ನು ಅಲ್ಲಿಗೆ ಅಂಟಿಸಬಹುದು.

ಅದೇ ದಿನ ಮಾಡಬೇಕಾದ ಇನ್ನೊಂದು ಕೆಲಸ ಎರಿ ಕಡಿಮೆ ಮಾಡುವುದು. ನೊಣಗಳು ಮುಚ್ಚಿಕೊಳ್ಳಲಾರದ ಎರಿ ಮೇಣದ ಪತಂಗದ ಪಾಲು. ಅದರ ಹುಳು ಎರಿಯಲ್ಲಿ ಸುರಂಗ ಕೊರೆದು ನೂಲು ಹೆಣೆದುಬಿಟ್ಟರೆ ತುಡುವೆ ತಾಳುವುದಿಲ್ಲ, ಗೂಡು ಬಿಟ್ಟು ಹೋಗುತ್ತದೆ. ಖಾಲಿ ಎರಿ ತೆಗೆಯಿರಿ, ಅಡಿಮಣೆ ಗುಡಿಸಿ, ಬಾಗಿಲು ಕಿರಿದು ಮಾಡಿ, ಪೆಟ್ಟಿಗೆಯ ಕಾಲಿನ ಬಟ್ಟಲಿಗೆ ನೀರು ಹಾಕಿ ಇರುವೆ ಹತ್ತದಂತೆ ನೋಡಿಕೊಳ್ಳಿ. ಆಮೇಲೆ ಮುಚ್ಚಿ, ಬಿಟ್ಟುಬಿಡಿ.

ಬಿಟ್ಟುಬಿಡುವುದೇ ಕಷ್ಟ. ರಾಣಿ ಹುಟ್ಟಿದ ಮೇಲಿನ ಹತ್ತು ಹನ್ನೆರಡು ದಿನ ಕುಟುಂಬದ ಭವಿಷ್ಯ ಆ ಒಬ್ಬಳ ಕೆಲವೇ ಹಾರಾಟಗಳ ಮೇಲೆ ನಿಂತಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ. ಹುಟ್ಟಿದ ಐದಾರು ದಿನಕ್ಕೆ ಅವಳು ಪ್ರಾಯಕ್ಕೆ ಬರುತ್ತಾಳೆ. ಮೊದಲು ಪೆಟ್ಟಿಗೆಯ ಮುಂದೆ ಸುಳಿದಾಡಿ ಮನೆಯ ಗುರುತು ಹಿಡಿಯುತ್ತಾಳೆ, ಆಮೇಲೆ ದೂರ ಹಾರುತ್ತಾಳೆ. ರಾಣಿ ಗೂಡಿನೊಳಗಲ್ಲ, ಹೊರಗೆ ಹಾರುತ್ತ ಗಂಡುಗಳನ್ನು ಕೂಡುತ್ತಾಳೆ ಎಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಹ್ಯೂಬರ್. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಬರ್ನೆನ್ಸ್ ಎಂಬ ಸಹಾಯಕ ನೋಡಿ ಹೇಳಿದ್ದನ್ನು ಕೇಳಿ, ಪ್ರಶ್ನೆ ಹಾಕಿ, ಮತ್ತೆ ನೋಡಿಸಿ 1792ರಲ್ಲಿ ಪುಸ್ತಕ ಪ್ರಕಟಿಸಿದ. ಜೇನು ಕಲಿಯಲು ಹೊರಟವರಿಗೆ ಅವನಿಗಿಂತ ದೊಡ್ಡ ಗುರು ಇಲ್ಲ ಎಂದು ನಾನು ನಂಬಿದ್ದೇನೆ.

ನಮ್ಮ ಕಡೆಗೆ ಇದಕ್ಕಿಂತ ಹತ್ತಿರದ ಒಂದು ಸಂಶೋಧನೆ ಶ್ರೀಲಂಕಾದ್ದು. ಒಂದೇ ಕಾಡಿನಲ್ಲಿ ಕಡ್ಡಿಜೇನು, ತುಡುವೆ, ಹೆಜ್ಜೇನು ಮೂರೂ ಇರುತ್ತವೆ. ಮೂರರ ರಾಣಿಯರೂ ಗಂಡುಗಳನ್ನು ಸೆಳೆಯಲು ಬಿಡುವ ಮುಖ್ಯ ವಾಸನೆ ಒಂದೇ. ಹಾಗಿದ್ದರೆ ಗೊಂದಲವಾಗದೆ ಕೂಡುವುದು ಹೇಗೆ? ನಿಕೋಲಾಸ್ ಕೋನಿಗರ್ ಮತ್ತು ವಿಜಯಗುಣಶೇಖರ ಇದಕ್ಕೆ ಕಂಡುಕೊಂಡ ಉತ್ತರ 1976ರಲ್ಲಿ ಪ್ರಕಟವಾಯಿತು: ಹೊತ್ತು ಬೇರೆಬೇರೆ. ಕಡ್ಡಿಜೇನಿನ ಗಂಡುಗಳು ಮಧ್ಯಾಹ್ನ 12ರಿಂದ ಎರಡೂವರೆಯೊಳಗೆ ಹಾರುತ್ತವೆ, ತುಡುವೆಯವು ಸಂಜೆ ನಾಲ್ಕೂಕಾಲರಿಂದ ಐದೂಕಾಲರ ಸುಮಾರಿಗೆ, ಹೆಜ್ಜೇನಿನವು ಆರರ ಮೇಲೆ ಬೆಳಕು ಆರುವ ಹೊತ್ತಿಗೆ. ಬಿಳಿಗಿರಿ ತಪ್ಪಲಿನಲ್ಲೂ ಈ ಮೂರೂ ಜೇನು ಒಂದೇ ಆಕಾಶ ಹಂಚಿಕೊಂಡಿವೆ. ಹೊತ್ತು ಇಲ್ಲಿ ಸ್ವಲ್ಪ ಹಿಂದೆಮುಂದೆ ಆಗಬಹುದು. ಆದರೂ ಪಾಲಾದ ಎರಡನೆಯ, ಮೂರನೆಯ ವಾರದಲ್ಲಿ ಸಂಜೆ ನಾಲ್ಕರ ನಂತರ ಪೆಟ್ಟಿಗೆಯ ಮುಂದೆ ನಿಲ್ಲಬೇಡಿ, ಮುಚ್ಚಳ ತೆಗೆಯಬೇಡಿ, ಪೆಟ್ಟಿಗೆಯನ್ನು ಒಂದಡಿಯೂ ಸರಿಸಬೇಡಿ ಎನ್ನುವ ನಿಯಮಕ್ಕೆ ಇದೇ ಆಧಾರ. ಗುರುತಿಟ್ಟ ಜಾಗದಲ್ಲಿ ಮನೆ ಕಾಣದಿದ್ದರೆ ಅವಳು ಬೇರೆ ಪೆಟ್ಟಿಗೆ ಹೊಕ್ಕು ಅಲ್ಲಿಯ ನೊಣಗಳಿಂದ ಸಾಯುತ್ತಾಳೆ. ಹಲವು ಪೆಟ್ಟಿಗೆ ಇಟ್ಟವರು ಬಾಗಿಲುಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿ, ಬಣ್ಣ ಬೇರೆ ಮಾಡಿ.

ರಾಣಿ ಒಂದಲ್ಲ, ಹತ್ತಕ್ಕೂ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ. ಕೂಡಿದ ಗಂಡು ಅಲ್ಲೇ ಸತ್ತು ಬೀಳುತ್ತದೆ. ಅವುಗಳ ವೀರ್ಯ ಅವಳ ಹೊಟ್ಟೆಯ ಸಣ್ಣ ಚೀಲದಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಮೊಟ್ಟೆ ಇಡಲು ತೊಡಗಿದ ಮೇಲೆ ಅವಳು ಇಂಥ ಹಾರಾಟಕ್ಕೆ ಮತ್ತೆ ಹೋಗುವುದಿಲ್ಲ. ಈ ದಿನಗಳಲ್ಲಿ ಮೂರು ದಿನ ಬಿಡದೆ ಜಡಿಮಳೆ ಹಿಡಿದರೆ, ದಾರಿಯಲ್ಲಿ ಕಳ್ಳಿಪೀರವೋ ಕಾಜಾಣವೋ ಹಿಡಿದರೆ, ಆ ಕುಟುಂಬದ ಕಥೆ ಬದಲಾಗುತ್ತದೆ.

ಎಲ್ಲ ಸರಿಯಾದರೆ ಕೂಡಿದ ಎರಡು ಮೂರು ದಿನಕ್ಕೆ ಮೊಟ್ಟೆ ಶುರು. ನಮ್ಮ ಲೆಕ್ಕದಲ್ಲಿ ಅದು ಫೆಬ್ರವರಿ 18ರ ಆಸುಪಾಸು. ಎರಡನೆಯ ಪಾಲು ಹೋಗಿದ್ದರೆ, ಮಳೆ ಬಂದಿದ್ದರೆ ಇನ್ನೊಂದು ವಾರ, ಹತ್ತು ದಿನ ತಡ. ಇಲ್ಲಿ ಒಂದು ಸೂಕ್ಷ್ಮವಿದೆ, ನಿಧಾನವಾಗಿ ನೋಡಿ. ಹಳೆಯ ರಾಣಿಯ ಕೊನೆಯ ಮೊಟ್ಟೆ ಹುಟ್ಟಿ ನೊಣವಾಗುವುದು ಫೆಬ್ರವರಿ 20ರ ಹೊತ್ತಿಗೆ. ಹೊಸ ರಾಣಿಯ ಮೊದಲ ಮಗಳು ಕಣದಿಂದ ಹೊರಬರುವುದು ಮಾರ್ಚ್ 9ರ ಮೇಲೆ. ನಡುವಿನ ಎರಡೂವರೆ ವಾರ ಪೆಟ್ಟಿಗೆಯಲ್ಲಿ ಒಂದು ಹೊಸ ನೊಣವೂ ಹುಟ್ಟುವುದಿಲ್ಲ, ಮುದಿಯಾದವು ಮಾತ್ರ ದಿನವೂ ಸಾಯುತ್ತಿರುತ್ತವೆ. ಪಾಲಾದ ದಿನಕ್ಕಿಂತಲೂ ಕುಟುಂಬ ಬಡವಾಗಿ ಕಾಣುವುದು ಮಾರ್ಚ್ ಮೊದಲ ವಾರದಲ್ಲಿ. ರಾಣಿ ಇದ್ದಾಳೆ, ಮೊಟ್ಟೆ ಇದೆ, ಆದರೂ ನೊಣ ಕಡಿಮೆಯಾಗುತ್ತಿದೆ ಎಂದು ಹೊಸಬರು ಗಾಬರಿಯಾಗಿ ರೋಗವೆಂದು ಬಗೆಯುತ್ತಾರೆ. ರೋಗವಲ್ಲ, ಅದು ಈ ಲೆಕ್ಕದ ಫಲ.

ಇಷ್ಟು ದಿನ ಕುಟುಂಬ ಹೇಗೆ ತಾಳುತ್ತದೆ? ಅದಕ್ಕೂ ಒಂದು ಏರ್ಪಾಡು ಇದೆ. ಮರಿ ಸಾಕುವ ಕೆಲಸ ಜೇನುನೊಣದ ದೇಹವನ್ನು ಬೇಗ ಸವೆಸುತ್ತದೆ. ಮರಿಗಳಿಲ್ಲದ ವಾರಗಳಲ್ಲಿ ಹುಟ್ಟಿದ ನೊಣಗಳಿಗೆ ಆ ದುಡಿಮೆ ಇರುವುದಿಲ್ಲ, ಮೈಯಲ್ಲಿ ಸಾರ ಉಳಿಯುತ್ತದೆ, ಆಯಸ್ಸು ಹೆಚ್ಚುತ್ತದೆ. ಹೊಸ ರಾಣಿಯ ಮೊದಲ ಮರಿಗಳಿಗೆ ಉಣಿಸುವವು ಇವೇ, ಅವಕ್ಕೆ ಅಕ್ಕಂದಿರಲ್ಲ, ಚಿಕ್ಕಮ್ಮಂದಿರು. ಮರಿಗಳಿಲ್ಲದ ಈ ವಿರಾಮ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. 1991–92ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿತು. ಆ ರೋಗ ಹಬ್ಬುವುದು ಮರಿಹುಳುಗಳಲ್ಲಿ. ಹುಳುಗಳೇ ಇಲ್ಲದ ಕೆಲವು ವಾರ ಸಿಕ್ಕರೆ ಅದರ ಕೊಂಡಿ ಸಡಿಲವಾಗುತ್ತದೆ. ರೋಗ ಕಂಡಾಗ ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸುವ ಉಪಾಯವೂ ಇದೇ ತಿಳಿವಳಿಕೆಯದು.

ಮಾರ್ಚ್ 9ರ ಮೇಲೆ ಹುಟ್ಟಿದ ನೊಣಗಳು ಎರಡು ಮೂರು ವಾರ ಒಳಗೇ ದುಡಿದು, ತಿಂಗಳ ಕೊನೆಗೆ ಮೇವಿಗೆ ಹೊರಬೀಳುತ್ತವೆ. ಯುಗಾದಿಯ ಬೇವು ಹೂ ಬಿಡುವ ಕಾಲ, ಅದರ ಹಿಂದೆ ಹೊಂಗೆ. ಎಲ್ಲ ಸಮಯಕ್ಕೆ ನಡೆದರೆ ಪಾಲಾದ ಪೆಟ್ಟಿಗೆ ಹೊಂಗೆಯ ತುಪ್ಪ ತರುವಷ್ಟು ಚೇತರಿಸಿಕೊಳ್ಳುತ್ತದೆ. ಹಳೆಯ ರಾಣಿಯ ಮಕ್ಕಳು ಆ ಹೊತ್ತಿಗೆ ಬಹುಪಾಲು ಮುಗಿದಿರುತ್ತವೆ. ಪೆಟ್ಟಿಗೆ ಅದೇ, ಎರಿ ಅದೇ, ಒಳಗಿನ ಕುಟುಂಬ ಪೂರ್ತಿ ಹೊಸದು.

ರಾಣಿ ಮರಳಿ ಬರದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಆಗ ಪೆಟ್ಟಿಗೆಯಲ್ಲಿ ರಾಣಿ ಮಾಡಿಕೊಳ್ಳಲು ತಕ್ಕ ಎಳೆಯ ಹುಳು ಒಂದೂ ಉಳಿದಿರುವುದಿಲ್ಲ. ರಾಣಿಯ ವಾಸನೆಯೂ ಮರಿಗಳ ವಾಸನೆಯೂ ಇಲ್ಲವಾದಾಗ ಕೆಲವು ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗುತ್ತವೆ. ಮೆಲ್ಲಿಫೆರಾಗಿಂತ ತುಡುವೆಯಲ್ಲಿ ಇದು ಬೇಗ ಆಗುತ್ತದೆ. ಗಂಡನ್ನು ಕೂಡದ ಅವುಗಳ ಮೊಟ್ಟೆಯಿಂದ ಗಂಡುಗಳು ಮಾತ್ರ ಹುಟ್ಟುತ್ತವೆ. ತಂದೆಯಿಲ್ಲದ ಮೊಟ್ಟೆಯಿಂದ ಗಂಡುನೊಣ ಹುಟ್ಟುತ್ತದೆ ಎಂದು ಯೊಹಾನ್ ಜಿಯರ್ಜೋನ್ 1845ರಲ್ಲಿ ಹೇಳಿದಾಗ ಯುರೋಪಿನಲ್ಲಿ ದೊಡ್ಡ ವಾದವೇ ಆಗಿತ್ತು. ಇದರ ಗುರುತು ಸ್ಪಷ್ಟ: ರಾಣಿ ಒಂದು ಕಣದ ತಳದಲ್ಲಿ ಒಂದೇ ಮೊಟ್ಟೆ ನೆಟ್ಟಗೆ ಇಡುತ್ತಾಳೆ. ಕೆಲಸಗಾರ ನೊಣದ ಹೊಟ್ಟೆ ತಳ ಮುಟ್ಟದ್ದರಿಂದ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಒಂದೇ ಕಣದಲ್ಲಿ ಎರಡು ಮೂರು ಐದು ಇರುತ್ತವೆ. ಆಮೇಲೆ ಸಣ್ಣ ಕಣಗಳ ಮೇಲೆ ಉಬ್ಬಿದ ಮುಚ್ಚಳ ಕಂಡರೆ ಅನುಮಾನವೇ ಬೇಡ.

ಆ ಹಂತ ಮುಟ್ಟುವ ಮೊದಲೇ ಹಿಡಿಯಬೇಕು. ಅದಕ್ಕೇ ಎರಡನೆಯ ಸಲ ಪೆಟ್ಟಿಗೆ ತೆರೆಯಬೇಕಾದ್ದು ಪಾಲಾದ ಮೂರೂವರೆ ವಾರಕ್ಕೆ, ನಮ್ಮ ಲೆಕ್ಕದಲ್ಲಿ ಫೆಬ್ರವರಿ 25ರ ಸುಮಾರಿಗೆ, ಬೆಳಗಿನ ಹೊತ್ತು. ಬೆನ್ನ ಹಿಂದಿನಿಂದ ಬಿಸಿಲು ಕಣದೊಳಗೆ ಬೀಳುವಂತೆ ಎರಿ ಹಿಡಿದು ಮೊಟ್ಟೆ ಹುಡುಕಿ. ಒಂದು ಕಣಕ್ಕೆ ಒಂದರಂತೆ ಮೊಟ್ಟೆ ಕಂಡರೆ ಎಲ್ಲ ಸರಿ. ಏನೂ ಕಾಣದಿದ್ದರೆ ಬೇರೆ ಕುಟುಂಬದಿಂದ ಮೊಟ್ಟೆ ಮತ್ತು ಎಳೆಯ ಹುಳುಗಳಿರುವ ಒಂದು ಎರಿ ತಂದು, ಮೇಲಿನ ನೊಣಗಳನ್ನು ಅಲ್ಲೇ ಒದರಿ, ಇಲ್ಲಿ ನಡುವೆ ಇಡಿ. ಮೂರು ನಾಲ್ಕು ದಿನದಲ್ಲಿ ಅದರ ಮೇಲೆ ರಾಣಿಕೋಶ ಎಳೆದರೆ ರಾಣಿ ಇಲ್ಲವೆಂದು ಖಾತ್ರಿಯಾಯಿತು, ಪರಿಹಾರವೂ ಶುರುವಾಯಿತು. ಕೋಶ ಕಟ್ಟದಿದ್ದರೆ ಅಲ್ಲೆಲ್ಲೋ ರಾಣಿ ಇದ್ದಾಳೆ, ಇನ್ನೊಂದು ವಾರ ಕಾಯಿರಿ. ನೊಣ ತೀರಾ ಕಡಿಮೆ ಇದ್ದರೆ ರಾಣಿಯಿರುವ ಕುಟುಂಬದ ಮೇಲೆ ಒಂದು ಹಾಳೆ ದಿನಪತ್ರಿಕೆ ಹಾಸಿ, ನಾಲ್ಕಾರು ಸಣ್ಣ ತೂತು ಚುಚ್ಚಿ, ಈ ನೊಣಗಳ ಕೋಣೆಯನ್ನು ಅದರ ಮೇಲೆ ಕೂರಿಸಿ. ಕಾಗದ ಕಡಿದು ಮುಗಿಸುವಷ್ಟರಲ್ಲಿ ಎರಡರ ವಾಸನೆ ಒಂದಾಗಿ ಜಗಳವಿಲ್ಲದೆ ಕೂಡಿಕೊಳ್ಳುತ್ತವೆ.

ನಿಮ್ಮ ಅಕ್ಕಪಕ್ಕದ ಹೊಲದವರಿಗೂ ಒಂದು ಮಾತು ಹೇಳಿಡಿ. ಈ ವಾರಗಳಲ್ಲಿ ಹೂವಿಗೆ ಬಂದ ಬೆಳೆಗೆ ಔಷಧಿ ಹೊಡೆದರೆ ಮೊದಲೇ ತೆಳ್ಳಗಾದ ಕುಟುಂಬ ತಡೆದುಕೊಳ್ಳುವುದಿಲ್ಲ. ಹೊಡೆಯಲೇಬೇಕಾದರೆ ನೊಣಗಳು ಗೂಡು ಸೇರಿದ ಮೇಲೆ, ಕತ್ತಲಾಗುವ ಹೊತ್ತಿಗೆ ಹೊಡೆಯಲಿ. ರೇಷ್ಮೆ ಸಾಕುವ ಮನೆಯವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ, ಔಷಧಿಯ ಗಾಳಿ ತಾಗಿದ ಸೊಪ್ಪು ಹುಳುವಿಗೆ ಏನು ಮಾಡುತ್ತದೆಂದು ಅವರಿಗೆ ಗೊತ್ತು.

ನಿಮ್ಮ ಮನೆಯಲ್ಲಿ ಪೆಟ್ಟಿಗೆ ಇದ್ದರೆ ಜೇನು ಪಾಲಾದ ತಾರೀಕನ್ನು ಮುಚ್ಚಳದ ಒಳಬದಿಗೆ ಬರೆದಿಡಿ. ಅದರ ಕೆಳಗೆ ಎರಡನೆಯ ಸಲ ತೆರೆಯಬೇಕಾದ ತಾರೀಕನ್ನೂ ಬರೆಯಿರಿ, ಅಲ್ಲಿಯವರೆಗೆ ತೆರೆಯಬೇಡಿ. ಆ ದಿನ ಕಂಡದ್ದು ಅರ್ಥವಾಗದಿದ್ದರೆ ಎರಿಯ ಫೋಟೊ ತೆಗೆದುಕೊಂಡು ಚಾಮರಾಜನಗರದ ಹತ್ತಿರ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಹೋಗಿ ತೋರಿಸಿ, ಕೇಳಿ ತಿಳಿದುಕೊಳ್ಳಿ. ಪೆಟ್ಟಿಗೆಯನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ.